ನಾನು ಬರೆದ ಮೋರಿ

ನಮ್ಮ ಬೀದಿಯಲ್ಲಿ ಒಂದು ಸೇತುವೆಯಿದೆ. ಎರಡು ಬದಿಗೂ ಮೊಣಕಾಲೆತ್ತರದ ಗೋಡೆ, ಗೋಡೆಗೆ ಹಳದಿ ಕಪ್ಪು ಪಟ್ಟೆ, ಪಕ್ಕದಲ್ಲಿ ಕಾಮಗಾರಿಯ ಹೆಸರು ಕೆತ್ತಿದ ಕಲ್ಲು. ಕಟ್ಟಿದ ಮೇಲೆ ಎರಡು ತಿಂಗಳು ಅದರ ಕೆಳಗೆ ಏನೂ ಹರಿಯಲಿಲ್ಲ. ಹರಿಯಲು ಅಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ, ಚರಂಡಿಯೂ ಇರಲಿಲ್ಲ. ಚಾಮರಾಜನಗರಕ್ಕೆ ಹೊಸದಾಗಿ ವರ್ಗವಾಗಿ ಬಂದು ನಮ್ಮ ಬೀದಿಯಲ್ಲಿ ಮನೆ ಹುಡುಕುವವರು ಅಲ್ಲಿ ನಿಂತು ಬಗ್ಗಿ ನೋಡುತ್ತಿದ್ದರು. ಆಮೇಲೆ ಇನ್ನೊಂದು ಬದಿಗೆ ಹೋಗಿ ಮತ್ತೆ ಬಗ್ಗಿ ನೋಡುತ್ತಿದ್ದರು. ಇದನ್ನು ಯಾರು ಕೇಳಿ ಹಾಕಿಸಿದರು ಎಂದು ವಿಚಾರಿಸಿದರೆ ಬೀದಿಯವರೆಲ್ಲ ನನ್ನ ಮನೆಯ ಕಡೆ ಕೈ ತೋರಿಸುತ್ತಿದ್ದರು. ಅವರು ತೋರಿಸಿದ್ದು ಸರಿಯೇ. ಅರ್ಜಿ ಬರೆದವಳು ನಾನು.

ನಾನು ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದೆ. ಕೊನೆಯ ಕೆಲವು ವರ್ಷ ವಾರ್ಡಿನ ಉಸ್ತುವಾರಿ ನನ್ನದಾಗಿತ್ತು. ತರಬೇತಿಯ ಹಾಸ್ಟೆಲಿನಲ್ಲಿ ಐದಕ್ಕೆ ಗಂಟೆ ಹೊಡೆಯುತ್ತಿತ್ತು. ಆರಕ್ಕೆ ಹಾಸಿಗೆಯ ಹೊದಿಕೆಯ ನಾಲ್ಕು ಮೂಲೆಯೂ ಲಕೋಟೆಯಂತೆ ಮಡಚಿರಬೇಕಿತ್ತು. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ನನ್ನ ಮನೆಯ ಹಾಸಿಗೆಗಳಿಗೆ ಇಂದಿಗೂ ಲಕೋಟೆಯ ಮೂಲೆಗಳೇ. ಅದಕ್ಕಿಂತ ಆಳವಾಗಿ ಉಳಿದದ್ದು ಇನ್ನೊಂದು ಪಾಠ. ಪಾಳಿ ಬದಲಾಗುವಾಗ ಒಪ್ಪಿಸುವ ಪುಸ್ತಕದಲ್ಲಿ ಬರೆಯದೇ ಹೋದದ್ದು ನಡೆದೇ ಇಲ್ಲ ಎಂದು ನಮಗೆ ಕಲಿಸಿದ್ದರು. ಬರೆಯುವಾಗ ವಾಕ್ಯ ಚಿಕ್ಕದಾಗಿರಬೇಕು. ಡಾಕ್ಟರಿಗೆ ಕಥೆ ಬೇಡ. ಏನಾಗಿದೆ, ಏನು ಬೇಕು, ಅಷ್ಟೇ. ಈ ಎರಡು ಪಾಠಗಳಿಂದ ಎಷ್ಟೋ ರೋಗಿಗಳು ಬದುಕಿದ್ದಾರೆ. ಅವೇ ಪಾಠಗಳಿಂದ ಒಂದು ಬೀದಿ ಹೇಗೆ ಕೆಡುತ್ತದೆ ಎಂಬುದನ್ನು ನಿವೃತ್ತಿಯ ನಂತರ ಕಂಡೆ.

ನಮ್ಮ ಎದುರು ಮನೆಯವರು ಹಾಸಿಗೆ ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹಿಂಜುವ ಯಂತ್ರ ಬಂದ ಮೇಲೂ ದಿಂಬಿನ ಹತ್ತಿಯನ್ನು ಅವರು ಹಳೆಯ ಬಿಲ್ಲಿನಿಂದಲೇ ಹಿಂಜುತ್ತಾರೆ. ಬೆಳಗ್ಗೆ ಆರೂವರೆಗೆ ಆ ಬಿಲ್ಲಿನ ಸದ್ದು ಶುರುವಾಗುತ್ತದೆ. ನನ್ನ ಗೋಡೆ ಗಡಿಯಾರ ಹಿಂದೆ ಬಿದ್ದರೆ ಅದನ್ನು ಕೇಳಿ ಮುಳ್ಳು ತಿರುಗಿಸುತ್ತೇನೆ. ನನ್ನ ಮನೆಯ ಹಾಸಿಗೆಗಳೆಲ್ಲ ಅವರ ಕೈಯವೇ. ಮೂಲೆ ನೇರವಾಗಿರಬೇಕು ಎಂಬ ವಿಷಯದಲ್ಲಿ ಈ ಬೀದಿಯಲ್ಲಿ ಒಮ್ಮತವಿರುವುದು ನಮ್ಮಿಬ್ಬರಿಗೆ ಮಾತ್ರ.

ಅವರು ಮದುವೆಯಾದ ಹೊಸತರಲ್ಲಿ ಆ ಮನೆಯ ಬಾಗಿಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತಂತೆ. ಪ್ರತಿ ಸಲ ಹೊಸ ರಸ್ತೆ ಬಂದಾಗಲೂ ಹಳೆಯದರ ಮೇಲೆಯೇ ಹಾಸಿದ್ದರಿಂದ ಮೆಟ್ಟಿಲುಗಳು ಒಂದೊಂದಾಗಿ ರಸ್ತೆಯೊಳಗೆ ಹೋದವು. ಈಗ ಅವರ ಮನೆಗೆ ಒಂದು ಮೆಟ್ಟಿಲು ಇಳಿಯಬೇಕು.

"ಮೊದ್ಲು ನಾನೇ ಕುಗ್ತಾ ಇವ್ನಿ ಅನ್ಕಂಡಿದ್ದೆ ಸಿಸ್ಟರಮ್ಮ," ಎಂದು ಅವರು ಹೇಳುತ್ತಿದ್ದರು. "ಆಮೇಲ್ ನೋಡುದ್ರೆ ರೋಡು ಬೆಳೀತಾ ಅದೆ. ಈ ಬೀದೀಲಿ ಒಟ್ಟೆ ತುಂಬಾ ಊಟ ಸಿಕ್ತಾ ಇರೋದು ರೋಡ್ಗೊಂದೇಯ!"

ಹೋದ ವರ್ಷದ ಹಿಂಗಾರಿನಲ್ಲಿ ಮೇಲಿನ ಬೀದಿಯ ನೀರೆಲ್ಲ ಹರಿದು ಬಂದು ಆ ಮೆಟ್ಟಿಲಿಳಿದು ಒಳಗೆ ಹೋಯಿತು. ಮದುವೆಯ ಮನೆಯೊಂದಕ್ಕೆ ಹೊಲಿದಿಟ್ಟಿದ್ದ ಎರಡು ಹಾಸಿಗೆ ನೀರು ಕುಡಿದವು. ಹತ್ತಿ ಒಮ್ಮೆ ನೆನೆದರೆ ಬಿಸಿಲಿಗೆ ಒಣಗುತ್ತದೆಯೇ ಹೊರತು ಮತ್ತೆ ಉಬ್ಬುವುದಿಲ್ಲ. ಆ ಮುದ್ದೆಯನ್ನು ಅವರು ನನ್ನ ಮಹಡಿಯ ಮೇಲೆ ಮೂರು ದಿನ ಒಣಗಿಸಿ, ನಾಲ್ಕನೆಯ ದಿನ ಹಿಡಿಯಲ್ಲಿ ಹಿಚುಕಿ ನೋಡಿ, ಗಾಡಿಗೆ ಹಾಕಿ ಕಳಿಸಿದರು.

ಅವರ ಮಗಳನ್ನು ಗುಂಡ್ಲುಪೇಟೆಗೆ ಕೊಟ್ಟಿದೆ. ಅಳಿಯನದು ಊಟಿ ರಸ್ತೆಯಲ್ಲಿ ಪೈಪು, ಸಿಮೆಂಟಿನ ಅಂಗಡಿ. ಅಂಗಡಿಯ ಮಹಡಿಯಲ್ಲಿ ಒಂದು ಒಣ ಕೋಣೆ ಖಾಲಿ ಇದೆ, ಬಂದುಬಿಡಿ ಎಂದು ಅಳಿಯ ಕರೆಯುತ್ತಲೇ ಇದ್ದ. ಆ ಹತ್ತಿಯ ಗಾಡಿ ಹೋದ ದಿನ ನನ್ನ ಎದುರು ಮನೆಯವರು ಬಾಗಿಲಲ್ಲಿ ನಿಂತು ನನಗೆ ಹೇಳಿದರು.

"ಇನ್ನೊಂದ್ ಮಳೆ ನೋಡ್ತೀನಿ ಸಿಸ್ಟರಮ್ಮ. ಒಳುಕ್ಕೆ ಬಂತೋ, ಗುಂಡ್ಲುಪೇಟೆ. ಬರ್ಲಿಲ್ವೋ, ಇಲ್ಲೇಯ."

ಆ ಹೊತ್ತಿಗೆ ಆ ವರ್ಷದ ಉಳಿದ ಕಾಮಗಾರಿಗಳ ಪಟ್ಟಿಗೆ ಬಡಾವಣೆಯವರಿಂದ ಬೇಡಿಕೆ ಪಡೆಯುತ್ತಾರೆ ಎಂದು ಆಟೊದಲ್ಲಿ ಮೈಕು ಕೂಗಿಕೊಂಡು ಬಂತು. ಸಮುದಾಯ ಭವನದಲ್ಲಿ ಸಭೆ, ಹತ್ತೂವರೆಗೆ. ನಾನು ಹತ್ತಕ್ಕೇ ಹೋಗಿ ಬೆಂಚುಗಳನ್ನು ಸಾಲಾಗಿ ಇಡಿಸಿದೆ. ಬಾಗಿಲಲ್ಲಿ ಕುಳಿತು ಒಬ್ಬರಿಗೊಂದು ಚೀಟಿ ಕೊಟ್ಟು ಒಂದು ಚೀಟಿಗೆ ಒಂದೇ ಬೇಡಿಕೆ ಎಂದು ನಿಯಮ ಮಾಡಿದೆ. ಇದನ್ನು ಮಾಡಲು ನನಗೆ ಯಾರೂ ಹೇಳಿರಲಿಲ್ಲ.

ಮೊದಲು ಎದ್ದವರು ನಮ್ಮ ಬೀದಿಯ ನಿವೃತ್ತ ಗುಮಾಸ್ತರು. ಬೀದಿಯ ಬಾಯಲ್ಲಿ ಒಂದು ಸ್ವಾಗತ ಕಮಾನು ಬೇಕೆಂಬುದು ಅವರ ಬಹುಕಾಲದ ಆಸೆ.

"ಯಾರನ್ನ ಸ್ವಾಗತ ಮಾಡಕ್ಕೆ ಸಾಮಿ?" ಎಂದಳು ನಮಗೆ ಹಾಲು ಹಾಕುವವಳು. ಅವಳ ತವರು ಉಮ್ಮತ್ತೂರು. ಮದುವೆಯಾಗಿ ಈ ಬೀದಿಗೆ ಬಂದು ಮೂರು ಎಮ್ಮೆ ಸಾಕಿಕೊಂಡಿದ್ದಾಳೆ. "ಸಾಲ ಕೇಳೋರು ಬುಟ್ರೆ ನಮ್ ಬೀದಿಗ್ ಯಾರ್ ಬತ್ತರೆ?"

"ಕಮಾನು ಇದ್ದರೆ ಬೀದಿಗೆ ಒಂದು ಗೌರವ," ಎಂದರು ಗುಮಾಸ್ತರು.

"ನಮ್ ಎಮ್ಮೆ ಕೊಂಬು ಅಗಲ ಕಣ ಸಾಮಿ. ಗೌರವ್ವಾಗಿ ಸಿಗಾಕಬುಡ್ತದೆ."

ಸಭೆಯ ನಗು ನಿಲ್ಲಿಸಿ, ಚೀಟಿಯ ಕ್ರಮದಲ್ಲಿ ಮುಂದಿನವರನ್ನು ಕರೆದೆ. ಹಾಸಿಗೆಯವರು ಎದ್ದು, ನೀರು ನುಗ್ಗಿದ್ದು, ಮದುವೆಯ ಹಾಸಿಗೆ, ಮೂರು ಮೆಟ್ಟಿಲು, ಎಲ್ಲವನ್ನೂ ಹೇಳಿ, ಕೊನೆಗೆ "ಡ್ರೈನೇಜು ಬೇಕು" ಎಂದರು. ಅವರ ಪರವಾಗಿ ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು. ಬಂತು ಎನ್ನುವುದು ಸರಿಯಲ್ಲ. ಅವರ ಕೈಯಲ್ಲಿದ್ದ ಪೆನ್ನನ್ನು ನಾನೇ ತೆಗೆದುಕೊಂಡೆ. ಡ್ರೈನೇಜು ಎಂಬ ಮಾತನ್ನು ಹೊಡೆದು ಹಾಕಿದೆ. ನಮ್ಮದೇ ಮಾತಿರುವಾಗ ಇಂಗ್ಲಿಷ್ ಯಾಕೆ ಎಂದು ಸಭೆಗೆ ಕೇಳುವಂತೆ ಹೇಳಿದೆ. ಮೆಟ್ಟಿಲಿನ ಕಥೆ, ಮದುವೆಯ ಕಥೆ ತೆಗೆದೆ. ದುಂಡಗೆ, ಒಂದೇ ಸಾಲಿನಲ್ಲಿ ಬರೆದೆ: "ನಮ್ಮ ಬೀದಿಯ ಕೆಳಭಾಗಕ್ಕೆ ಒಂದು ಮೋರಿ ಬೇಕು."

ನನ್ನ ತವರು ಕುದೇರು. ಅಲ್ಲಿ ಪಾತ್ರೆ ತೊಳೆದ ನೀರು ಹೋಗುವುದೂ ಮೋರಿ, ಬೀದಿಯ ನೀರು ಹೋಗುವುದೂ ಮೋರಿ. ನಮ್ಮ ಅಜ್ಜಿ ಯಾರನ್ನಾದರೂ ಬೈದರೆ ಅವರ ಬಾಯಿಯೂ ಮೋರಿಯೇ. ಆ ಮಾತಿಗೆ ಇನ್ನೊಂದು ಅರ್ಥವಿರಬಹುದು ಎಂದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ.

ಸಭೆಗೆ ಬಂದಿದ್ದ ಇಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಉಳಿದ ಅರ್ಜಿಗಳನ್ನು ಎರಡೆರಡು ಸಲ ಓದುತ್ತಿದ್ದಳು. ಒಂದು ಅರ್ಜಿ ನಾಲ್ಕು ಪುಟವಿತ್ತು, ನಡುವೆ ಒಂದು ಕವನವೂ ಇತ್ತು. ನನ್ನದನ್ನು ಒಂದೇ ನೋಟಕ್ಕೆ ಓದಿ ಮುಗಿಸಿ, "ಮೇಡಂ, ಎಲ್ಲರೂ ನಿಮ್ಮ ಹಾಗೆ ಬರೆದರೆ ನಮಗೆ ಕೆಲಸ ಎಷ್ಟು ಸುಲಭ," ಎಂದಳು. ಆ ಹೊಗಳಿಕೆಯನ್ನು ಮನೆಗೆ ತಂದು ಎರಡು ದಿನ ಇಟ್ಟುಕೊಂಡಿದ್ದೆ.

ಪಟ್ಟಿ ಬಂತು. ಕಮಾನು ಇರಲಿಲ್ಲ, ಬೇರೆಯವರು ಕೇಳಿದ್ದ ದೀಪ ಇರಲಿಲ್ಲ, ವ್ಯಾಯಾಮಶಾಲೆ ಇರಲಿಲ್ಲ. ನಮ್ಮ ಬೀದಿಯ ಮೋರಿ ಇತ್ತು! ದೊಡ್ಡ ಕಾಮಗಾರಿಗಳಿಗೆಲ್ಲ ಅನುದಾನ ಹಂಚಿದ ಮೇಲೆ ತಳದಲ್ಲಿ ಒಂದಿಷ್ಟು ಉಳಿದಿತ್ತಂತೆ. ಅದಕ್ಕೆ ಸರಿಹೊಂದುವ ಸಣ್ಣ ಕಾಮಗಾರಿ ಇಡೀ ಕಂತೆಯಲ್ಲಿ ನಮ್ಮದೊಂದೇ. ಒಂದು ಬೀದಿಯ ಉದ್ದದ ಚರಂಡಿ ಅಷ್ಟರಲ್ಲಿ ಹೇಗೆ ಆಗುತ್ತದೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಚೊಕ್ಕವಾಗಿ ಬರೆದರೆ ಕೆಲಸವೂ ಕಡಿಮೆಯಲ್ಲಿ ಆಗುತ್ತದೆ ಎಂದು ಭಾವಿಸಿಕೊಂಡೆ. ಹಾಸಿಗೆಯವರು ಮಗಳಿಗೆ ಫೋನು ಮಾಡಿ, "ಸಿಸ್ಟರಮ್ಮ ಒಂದೇ ಲೈನ್ ಬರುದ್ರು ಕಣಮ್ಮಿ, ಆಗೋಯ್ತು" ಎಂದದ್ದು ನಮ್ಮ ಅಡಿಗೆಮನೆಗೂ ಕೇಳಿಸಿತು.

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಟ್ರ್ಯಾಕ್ಟರಿನಲ್ಲಿ ಎರಡು ದಪ್ಪ ಸಿಮೆಂಟ್ ಕೊಳವೆ ಬಂದಿಳಿದವು. ಮೇಸ್ತ್ರಿ ತಾಳವಾಡಿ ಕಡೆಯವನು, ಕನ್ನಡದೊಳಗೆ ತಮಿಳು ಬೆರೆಸಿ ಮಾತನಾಡುತ್ತಿದ್ದ. ಅವನ ಆಳುಗಳಿಗೆ ಎಂಟಕ್ಕೆ ಚಹಾ, ಹನ್ನೊಂದಕ್ಕೆ ಮಜ್ಜಿಗೆ ಎಂದು ನಾನು ಹೊತ್ತು ಗೊತ್ತು ಮಾಡಿಕೊಟ್ಟೆ. ಮೊದಲ ದಿನ ಮೇಲಿನ ಬೀದಿಯಿಂದ ದಾರ ಕಟ್ಟುತ್ತಾರೆ ಎಂದು ಕಾದೆ. ಅವರು ಹಾಸಿಗೆಯವರ ಬಾಗಿಲಿನ ಕೆಳಪಕ್ಕದಲ್ಲಿ, ಬೀದಿಯ ತೀರಾ ತಗ್ಗಿನಲ್ಲಿ, ರಸ್ತೆಗೆ ಅಡ್ಡಲಾಗಿ ದಾರ ಕಟ್ಟಿದರು.

"ಮೇಸ್ತ್ರಿ, ಉದ್ದಕ್ಕೆ ಅಗೆಯಬೇಕಲ್ಲವೇ?" ಎಂದೆ.

"ಇಲ್ಲಮ್ಮಾ. ಮೋರಿ ಯಾವಾಗ್ಲೂ ಅಡ್ಡಾನೇ."

"ಅಡ್ಡ ಇದ್ದರೆ ಈ ಮೇಲಿನ ನೀರು ಅದರೊಳಗೆ ಹೇಗೆ ಬರುತ್ತದೆ?"

"ಚರಂಡೀಲಿ ಬರುತ್ತಮ್ಮಾ."

"ಚರಂಡಿ ಎಲ್ಲಿ?"

ಮೇಸ್ತ್ರಿ ಮೇಲೆ ಕೆಳಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. "ಅದು ನಮ್ಮ ಕೆಲಸದಲ್ಲಿ ಇಲ್ಲಮ್ಮಾ. ಉದ್ದ ಹೋದ್ರೆ ಅದು ಚರಂಡಿ. ಅಡ್ಡ ಹೋದ್ರೆ ಮೋರಿ. ನೀವು ಕೇಟದ್ದು ಮೋರಿ."

ನಾನು ಒಳಗೆ ಹೋಗಿ ಸೀರೆ ಬದಲಿಸಿ, ಕೊಡೆ ಹಿಡಿದು, ಹತ್ತೂ ಕಾಲಿಗೆ ಕಚೇರಿಯಲ್ಲಿದ್ದೆ. ಇಂಜಿನಿಯರ್ ಹುಡುಗಿ ಎದ್ದು ಕುರ್ಚಿ ಕೊಟ್ಟಳು. ಕಡತ ತೆಗೆದು ನನ್ನ ಮುಂದಿಟ್ಟಳು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸ್ಪಷ್ಟವಾಗಿ, ನನ್ನ ಒಂದು ಸಾಲು.

"ಇದು ನಿಮ್ಮ ಅಕ್ಷರವೇ ಅಲ್ವಾ ಮೇಡಂ?"

ಯಾರೂ ನನ್ನ ಅಕ್ಷರವನ್ನು ನನ್ನದಲ್ಲ ಎಂದು ಹೇಳುವಂತಿಲ್ಲ. ನಾನೂ ಹೇಳುವಂತಿರಲಿಲ್ಲ.

"ನಾವು ಇದನ್ನೇ ಚರಂಡಿ ಎಂದು ತಿಳಿದಿದ್ದೆವು," ಎಂದೆ.

ಅವಳು ನಗಲಿಲ್ಲ. ಆ ಸಂಯಮಕ್ಕೆ ನಾನು ಇಂದಿಗೂ ಋಣಿ. "ನಮ್ಮ ಅಜ್ಜಿನೂ ಚರಂಡಿಗೆ ಮೋರಿ ಅಂತಾರೆ ಮೇಡಂ. ಆದರೆ ಇಲ್ಲಿ ಮೋರಿ ಅಂದ್ರೆ ರಸ್ತೆ ಕೆಳಗೆ ಅಡ್ಡ ಹಾಕೋ ಕೊಳವೆ. ನಾನೂ ಬಂದು ಜಾಗ ನೋಡಿದೆ. ತಗ್ಗು ಇದೆ, ಎದುರಿಗೆ ಖಾಲಿ ಜಾಗ, ಅದರ ಹಿಂದೆ ಹಳೇ ಕಾಲುವೆ. ಮೋರಿಗೆ ಒಳ್ಳೇ ಜಾಗ. ಒಂದು ಅಂತ ಬೇರೆ ಬರೆದಿದ್ದೀರಿ. ಚರಂಡಿಯನ್ನ ಯಾರೂ ಒಂದು ಅಂತ ಎಣಿಸಲ್ಲ, ಇಷ್ಟುದ್ದ ಅಂತಾರೆ."

"ಈಗ ಬದಲಿಸಬಹುದೇ?"

"ಮಂಜೂರಾದ ಕಾಮಗಾರಿ ಹೆಸರು ಬದಲಾಗಲ್ಲ ಮೇಡಂ. ಬೇಡ ಅಂತ ಬರೆದುಕೊಟ್ಟರೆ ಮಾರ್ಚ್ ಕೊನೆಗೆ ಅನುದಾನ ವಾಪಸ್ ಹೋಗುತ್ತೆ. ಆಮೇಲೆ ಮೋರಿನೂ ಇಲ್ಲ, ಚರಂಡಿನೂ ಇಲ್ಲ."

ಇಡೀ ಕಚೇರಿಯಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಕೇಳಿದ್ದನ್ನು ಕೇಳಿದ ಜಾಗದಲ್ಲಿ ಕೇಳಿದಷ್ಟೇ ಸಂಖ್ಯೆಯಲ್ಲಿ, ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದರು. ಸರ್ಕಾರಿ ಕೆಲಸ ಹೀಗಿರಬೇಕು ಎಂದೇ ಮೂವತ್ತಾರು ವರ್ಷ ನಾನು ವಾದಿಸಿದ್ದು.

ಮೋರಿ ಎದ್ದು ನಿಂತಿತು. ಕೊಳವೆಯ ದಪ್ಪಕ್ಕೆ ರಸ್ತೆ ಅಲ್ಲಿ ಒಂದು ಗೇಣು ಉಬ್ಬಿತು. ಅದರ ಮೇಲೆ ಸಿಮೆಂಟು, ಬದಿಗೆ ಗೋಡೆ, ಗೋಡೆಗೆ ಬಣ್ಣ. ಮೊದಲು ಹಾಸಿಗೆಯವರ ಬಾಗಿಲು ದಾಟಿ ಮುಂದಕ್ಕಾದರೂ ಹೋಗುತ್ತಿದ್ದ ನೀರು ಈಗ ಆ ಉಬ್ಬಿಗೆ ತಡೆದು ಅವರ ಮೆಟ್ಟಿಲಿನಲ್ಲೇ ನಿಲ್ಲುವುದು ಎಂಥವರಿಗೂ ಕಾಣುತ್ತಿತ್ತು. ಕೊಳವೆಯ ಬಾಯಿ ಅವರ ಗೋಡೆಯ ಬದಿಗೇ ಇತ್ತು, ಆದರೆ ಅಲ್ಲಿಗೆ ನೀರು ಇಳಿಯಲು ದಾರಿ ಇರಲಿಲ್ಲ. ನಾನು ರಸ್ತೆ ದಾಟಿ ಹೋಗಿ, ನನ್ನ ಒಂದು ಪದದಿಂದ ಹೀಗಾಯಿತು ಎಂದು ಅವರಿಗೆ ಹೇಳಿದೆ. ಅವರು ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು, ಹೊರಗೆ ಬಂದು, ಹಳದಿ ಗೋಡೆಯ ಮೇಲೆ ಕುಳಿತರು.

"ಸೇತುವೆ ಕೊಡ್ಸುದ್ರಿ. ಒಳ್ಳೇದಾಯ್ತು," ಎಂದರು. "ಇನ್ ಒಂದ್ ಒಳೆ ಕೊಡ್ಸ್ಬುಡಿ ಸಿಸ್ಟರಮ್ಮ. ಅದ್ನೂ ಒಂದೇ ಲೈನಲ್ಲಿ."

ನಗುತ್ತಲೇ ಹೇಳಿದರು. ಆದರೆ ಮಾರನೆಯ ದಿನ ಹತ್ತಿಯ ಮೂಟೆಗಳನ್ನು ಎಣಿಸಿ ಹಗ್ಗ ಕಟ್ಟತೊಡಗಿದರು. ಆ ಬೆಳಗ್ಗೆ ಬಿಲ್ಲಿನ ಸದ್ದು ಬಂದಾಗ ಆರೂ ಐವತ್ತು. ಗಡಿಯಾರ ಸರಿಯಾಗಿಯೇ ಇತ್ತು.

ಹಾಸಿಗೆಯವರ ಮಗಳನ್ನು ಕಂಡು, ಇನ್ನು ಸ್ವಲ್ಪ ದಿನ ತಂದೆಯನ್ನು ಅವಸರಪಡಿಸಬೇಡಿ ಎಂದು ಹೇಳಿಬರಲು ನಾನು ಗುಂಡ್ಲುಪೇಟೆಗೆ ಹೋದೆ. ಎಂಟರ ಬಸ್ಸು. ತೆರಕಣಾಂಬಿ ದಾಟಿದ ಮೇಲೆ ಎರಡು ಕಡೆಯೂ ರೈತರು ಹೊಲ ಉತ್ತು ಮಳೆ ಕಾಯುತ್ತಿದ್ದರು. ಆ ಬಸ್ಸಿನಲ್ಲಿ ಮಳೆಯನ್ನು ಬೇಡವೆನ್ನುತ್ತಿದ್ದವಳು ನಾನೊಬ್ಬಳೇ ಇರಬೇಕು.

ಅಳಿಯನ ಅಂಗಡಿಯ ಮುಂದೆ ಊಟಿಗೆ, ಕೇರಳಕ್ಕೆ ಹೋಗುವ ಕಾರುಗಳ ಸಾಲು. ಅಂಗಡಿಯ ಫಲಕ ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಇತ್ತು. ಮಹಡಿಯ ಕೋಣೆಯನ್ನು ತೋರಿಸಿದರು. ಒಣಗಿತ್ತು, ಗಾಳಿ ಬೆಳಕಿತ್ತು, ನಾನು ಮೂಲೆಗಳನ್ನು ನೋಡಿದೆ, ನೇರವಾಗಿದ್ದವು. ಆಕ್ಷೇಪಿಸಲು ಏನೂ ಸಿಗದೆ, ಕೆಳಗೆ ಬಂದು ಪೈಪುಗಳ ನಡುವೆ ಕುಳಿತು ಅಳಿಯನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಸಣ್ಣ ಗುತ್ತಿಗೆದಾರರಿಗೆ ಸಾಮಾನು ಕೊಡುವವನು, ಕಾಮಗಾರಿಗಳ ಭಾಷೆ ಬಲ್ಲವನು. ಕೊನೆಯವರೆಗೆ ಕೇಳಿ ಹಣೆ ಚಚ್ಚಿಕೊಂಡ.

"ನೀವು ಮನ್ಗ್ ನೀರ್ ನುಗ್ತದೆ ಅಂತ ಬರುದ್ರೆ ಅದು ಕಂಪ್ಲೇಂಟು ಆಂಟಿ. ಕಂಪ್ಲೇಂಟ್ಗೆ ದುಡ್ ಬರಕಿಲ್ಲ. ಮೋರಿಗ್ ನೀರ್ ಬತ್ತಾ ಇಲ್ಲ ಅಂತ ಬರೀರಿ. ಅದು ಕಾಮಗಾರಿ."

"ಎರಡೂ ಒಂದೇ ನೀರಲ್ಲವೇ?"

"ನೀರ್ ಒಂದೇಯ. ಮನೆ ನಮ್ಮಾವಂದು. ಮೋರಿ ಅವ್ರ್ದು. ಅವ್ರ್ ಮೋರಿ ಸುಮ್ನೆ ಬಾಯ್ ಬುಟ್ಕೊಂಡ್ ಕೂತದೆ ಅಂದ್ರೆ ಅವ್ರ್ಗೇ ಕಷ್ಟ ಆಯ್ತದೆ."

ಹೇಳಿಯಾದ ಮೇಲೆ ಅವನಿಗೇ ನೆನಪಾಯಿತು. "ಅಲ್ಲಾ, ನಾನ್ಯಾಕ್ ಇದ್ನೆಲ್ಲ ಏಳ್ಕೊಡ್ತಾ ಇವ್ನಿ? ನಮ್ಮಾವ ಬರ್ಲಿ ಅಂತ ರೂಮ್ಗೆ ಸುಣ್ಣ ಒಡ್ಸಿ ಕೂತಿವ್ನಿ ನಾನು!" ಎಂದ. ಮಗಳು ಒಳಗಿನಿಂದ, "ಏಳ್ಕೊಟ್ಟಾಯ್ತಲ್ಲ, ಟೀ ಕುಡೀರಿ" ಎಂದಳು.

ಬಸ್ಸಿನಲ್ಲೇ ಕರಡು ಮಾಡಿದೆ. ಮಾರನೆಯ ದಿನ ಕಚೇರಿಗೆ ಕೊಟ್ಟ ಅರ್ಜಿಯಲ್ಲಿ ಮನುಷ್ಯರ ಸುದ್ದಿಯೇ ಇರಲಿಲ್ಲ. ಹೊಸ ಮೋರಿಗೆ ಕೂಡು ಚರಂಡಿ ಇಲ್ಲದ ಕಾರಣ ಮೋರಿಯು ನೀರಿಲ್ಲದೆ ನಿರುಪಯುಕ್ತವಾಗಿದೆ ಎಂದು ಬರೆದೆ. ಓದಿದರೆ ಯಾರಿಗಾದರೂ ಮೋರಿಯ ಮೇಲೆ ಕರುಣೆ ಹುಟ್ಟಬೇಕು, ಹಾಗಿತ್ತು. ಈ ಸಲ ಪದಗಳ ಮೇಲೆ ಭರವಸೆ ಇಡದೆ, ಕೆಳಗೆ ಅಳತೆಪಟ್ಟಿ ಹಿಡಿದು ಒಂದು ಚಿತ್ರ ಬರೆದು, ಅಡ್ಡ ಎಲ್ಲಿ, ಉದ್ದ ಎಲ್ಲಿ ಎಂದು ಬಾಣ ಹಾಕಿದೆ. ಇಂಜಿನಿಯರ್ ಹುಡುಗಿ ಓದಿ, "ಇದು ಆಗುತ್ತೆ ಮೇಡಂ" ಎಂದಳು. ಆಗುವುದು ಯಾವಾಗ ಎಂದರೆ, ಮುಂದಿನ ಪಟ್ಟಿಯಲ್ಲಿ, ಮಳೆಗಾಲ ಕಳೆದ ಮೇಲೆ.

ಮಳೆ ಅಷ್ಟು ಕಾಯುವುದಿಲ್ಲ. ಅಳಿಯ ಮುಂದಿನ ಭಾನುವಾರ ಗೂಡ್ಸ್ ಆಟೊ ತರುತ್ತೇನೆ ಎಂದು ಮಾವನಿಗೆ ಫೋನು ಮಾಡಿಯೂ ಆಗಿತ್ತು. ಮೋರಿ ಕಟ್ಟಿದ್ದನ್ನು ಕೇಳಿದ ಮೇಲೆ ಇನ್ನೊಂದು ಮಳೆ ಒಳಗೆ ಬರುವವರೆಗೆ ಕಾಯುವುದು ಮೂರ್ಖತನ ಎಂಬುದು ಅವನ ಲೆಕ್ಕ. ಮಾವನೂ ಬೇಡವೆನ್ನಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಬರುವ ತನಕ ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿಯಲು ನಾವು ಯಾರ ಸಹಿಯನ್ನೂ ಕೇಳುತ್ತಿರಲಿಲ್ಲ. ಗುರುವಾರ ಬೆಳಗ್ಗೆ ನಾನು ಬೀದಿಯವರನ್ನು ಮೋರಿಯ ಬಳಿ ಕರೆದೆ. ಮೇಲಿನ ಬೀದಿಯಿಂದ ಹಾಸಿಗೆಯವರ ಗೋಡೆಯುದ್ದಕ್ಕೆ, ಮೋರಿಯ ಬಾಯಿಯವರೆಗೆ, ನಾವೇ ಒಂದು ಮಣ್ಣಿನ ಚರಂಡಿ ತೋಡಬೇಕು ಎಂದೆ. ಮೂರು ಪಾಳಿ, ಒಂದೊಂದು ಪಾಳಿಗೆ ನಾಲ್ಕು ಜನ, ಬೆಳಗ್ಗೆ ಆರಕ್ಕೆ ಮೊದಲನೆಯದು.

"ಸಾರ್ವಜನಿಕ ರಸ್ತೆಯ ಬದಿ ಅಗೆಯುವುದಕ್ಕೆ ಅನುಮತಿ ಬೇಕಾಗುತ್ತದೆ," ಎಂದರು ನಿವೃತ್ತ ಗುಮಾಸ್ತರು.

ಅಷ್ಟರಲ್ಲಿ ನಾನೂ ಸ್ವಲ್ಪ ಕಲಿತಿದ್ದೆ. "ನಾವು ಅಗೆಯುತ್ತಿಲ್ಲ. ಮೋರಿಯ ಬಾಯಿ ಸ್ವಚ್ಛ ಮಾಡುತ್ತಿದ್ದೇವೆ. ಹಾಗೆಂದು ಕಚೇರಿಗೆ ಪತ್ರ ಕೊಟ್ಟಿದ್ದೇನೆ," ಎಂದೆ.

ಗುಮಾಸ್ತರು ಯೋಚಿಸಿ, ಸ್ವಚ್ಛತೆಗೆ ಅನುಮತಿ ಬೇಡ ಎಂದು ಒಪ್ಪಿ, ಎರಡನೆಯ ಪಾಳಿಗೆ ಹೆಸರು ಬರೆಸಿದರು. ಹಾಲಿನವಳು ಅವರ ಕೈಯ ಗುದ್ದಲಿ ನೋಡಿದಳು.

"ಸಾಮಿ, ಅದ್ನ ತಿರುಗುಸ್ಕಳಿ. ಇಡಿ ಕಡೆಯಿಂದ ಅಗದ್ರೆ ಕಮಾನ್ ಆಯ್ತದೆ, ಚರಂಡಿ ಆಗಲ್ಲ."

ಅವಳೊಬ್ಬಳೇ ಮೂವರಷ್ಟು ಅಗೆದಳು. ಹಾಸಿಗೆಯವರು ಕಟ್ಟಿದ ಮೂಟೆಗಳ ನಡುವಿನಿಂದ ಎದ್ದು ಬಂದು, ತಾವು ಬಿಟ್ಟು ಹೋಗುವ ಮನೆಗೆ ತಾವೇ ಚರಂಡಿ ತೋಡಿದರು. ಹೋಗುವವರಿಗೆ ಇದೆಲ್ಲ ಯಾಕೆ ಎಂದು ಹಾಲಿನವಳು ಛೇಡಿಸಿದಾಗ, "ಬರೋ ಬಾಡಿಗೆಯವ್ನಾದ್ರೂ ಒಣುಕ್ಕಂಡ್ ಇರ್ಲಿ ಬುಡವ್ವ" ಎಂದರು. ಅಂಚುಗಳನ್ನು ಮಾತ್ರ ಹಗ್ಗ ಹಿಡಿದು ನೇರ ಮಾಡಿದರು. ಶನಿವಾರ ಸಂಜೆ ಐದಕ್ಕೆ ಕೊನೆಯ ಪಾಳಿ ಮೋರಿಯ ಬಾಯಿ ಮುಟ್ಟಿತು. ನಾನು ಒಂದು ಕೊಡ ನೀರು ಸುರಿದು ನೋಡಿದೆ. ಮಣ್ಣು ಕುಡಿದುಬಿಟ್ಟಿತು. ಅದರಿಂದ ಏನೂ ಗೊತ್ತಾಗಲಿಲ್ಲ.

ಭಾನುವಾರ ಹನ್ನೊಂದಕ್ಕೆ ಅಳಿಯ ಗೂಡ್ಸ್ ಆಟೊ ತಂದ. ಬೀದಿಯ ಕೆಳಗಿನಿಂದ ಬರಲು ನೋಡಿದರೆ ಮೋರಿಯ ಎರಡು ಹಳದಿ ಗೋಡೆಗಳ ನಡುವೆ ಆಟೊದ ಅಗಲ ಹಿಡಿಸಲಿಲ್ಲ. ಸುತ್ತಿಕೊಂಡು ಮೇಲಿನಿಂದ ಬಂದ. ಅಲ್ಲಿ ನಾವು ಗುಡ್ಡೆ ಹಾಕಿದ್ದ ಮಣ್ಣು ಅಡ್ಡ ಇತ್ತು. ಇಳಿದು ಬಂದು, ಬಾಗಿಲಿಗೂ ರಸ್ತೆಗೂ ನಡುವೆ ತೆರೆದುಕೊಂಡಿದ್ದ ಚರಂಡಿಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನ್ ಆಂಟಿ, ನಮ್ಮಾವನ್ನ ಕ್ವಾಟೆ ಒಳುಕ್ ಆಕ್ಬುಟ್ಟಿದ್ದೀರಾ?"

"ಹಲಗೆ ಇದೆ. ಹಲಗೆಯ ಮೇಲೆ ಸಾಗಿಸಿ," ಎಂದೆ.

ಹಲಗೆ ಹಾಕಿದರು. ಮೊದಲ ಮೂಟೆಯನ್ನು ಅಳಿಯ ಹೊತ್ತು ದಾಟಿಸಿದ. ಎರಡನೆಯದನ್ನು ಹಾಸಿಗೆಯವರು ಬಾಗಿಲಿಗೆ ತಂದಾಗ ಕರಿವರದರಾಜನ ಬೆಟ್ಟದ ಕಡೆಯಿಂದ ಮೋಡ ಕವಿಯಿತು. ಅವರು ಮೂಟೆಯನ್ನು ಇಳಿಸಿ ಆಕಾಶ ನೋಡಿದರು. ನಾನೂ ನೋಡಿದೆ. ದಪ್ಪ ಹನಿಗಳು ಆಟೊದ ಮೇಲೆ ಬಿದ್ದವು, ಅಳಿಯ ಮೂಟೆಗೆ ಟಾರ್ಪಾಲು ಹೊದಿಸಿ ನನ್ನ ಜಗಲಿಗೆ ಓಡಿಬಂದ. ಎಲ್ಲರೂ ತಮ್ಮ ತಮ್ಮ ಬಾಗಿಲುಗಳಲ್ಲಿ ನಿಂತರು. ಹಾಸಿಗೆಯವರು ಮಾತ್ರ ಎದುರು ಬಾಗಿಲಲ್ಲಿ, ಆ ಒಂದು ಮೆಟ್ಟಿಲಿನ ಮೇಲೆ, ಪೊರಕೆ ಹಿಡಿದು.

ಹತ್ತು ನಿಮಿಷಕ್ಕೆ ಮೇಲಿನ ಬೀದಿಯ ನೀರು ಬಂತು. ಕೆಂಪಗೆ, ಕಸ ಹೊತ್ತುಕೊಂಡು, ಹೋದ ವರ್ಷದಂತೆಯೇ ಬಂತು. ನಮ್ಮ ಚರಂಡಿಯ ತುದಿಯಲ್ಲಿ ಒಂದು ಕ್ಷಣ ತಿರುಗಿ ಸುಳಿಯಾಯಿತು, ಆಮೇಲೆ ಒಳಗಿಳಿಯಿತು. ಗೋಡೆಯುದ್ದಕ್ಕೂ ತುಂಬಿ ಹರಿದು ಬಾಗಿಲ ಬಳಿ ಅಂಚು ಮುಟ್ಟಿತು. ಅಲ್ಲಿ ಒಂದಿಷ್ಟು ಮಣ್ಣು ಕುಸಿದು ನೀರು ಮೆಟ್ಟಿಲಿಗೆ ಚಾಚಿದಾಗ ಅವರು ಪೊರಕೆಯಿಂದ ತಳ್ಳಿದರು. ಮತ್ತೆ ಬಂತು, ಮತ್ತೆ ತಳ್ಳಿದರು. ಅಷ್ಟರಲ್ಲಿ ಕೆಳಗೆ, ಮೋರಿಯ ಬಾಯಲ್ಲಿ, ಗಂಟಲು ಬಿಚ್ಚಿದಂತೆ ಒಂದು ಸದ್ದಾಯಿತು. ನೀರಿನ ಮಟ್ಟ ಇಳಿಯತೊಡಗಿತು.

"ಮಾವ! ಓಯ್ತಾ ಅದೆ! ನೀರ್ ಓಯ್ತಾ ಅದೆ!" ಎಂದು ಅಳಿಯ ತಾನು ಬಂದ ಕೆಲಸ ಮರೆತು ಕೂಗಿದ. ಮಳೆಯಲ್ಲೇ ಓಡಿ ರಸ್ತೆಯ ಆಚೆ ಬದಿಗೆ ಹೋಗಿ ಬಗ್ಗಿ ನೋಡಿದ. "ಈ ಕಡೆ ಬತ್ತಾ ಅದೆ!"

ಗುಮಾಸ್ತರು ಕೊಡೆ ಹಿಡಿದು ಬಂದು ಬಗ್ಗಿ ನೋಡಿದರು. ಹಾಲಿನವಳು ತಲೆಗೆ ಚೀಲ ಹಾಕಿಕೊಂಡು ಬಂದು ನೋಡಿದಳು. ನಾನು ಕೊನೆಗೆ ಹೋಗಿ ನೋಡಿದೆ. ಕೆಂಪು ನೀರು ಖಾಲಿ ಜಾಗ ದಾಟಿ ಹಳೆಯ ಕಾಲುವೆಗೆ ಬೀಳುತ್ತಿತ್ತು. ಮೋರಿ ಹಾಕಲು ಅದು ಒಳ್ಳೆಯ ಜಾಗವೇ ಆಗಿತ್ತು.

ಮಳೆ ನಿಂತ ಮೇಲೆ ನಮ್ಮ ಬೀದಿಯವರೆಲ್ಲ ಅವರ ಬಾಗಿಲಲ್ಲಿ ಸೇರಿದರು. ನೀರು ಒಳಗೆ ಬಂತೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಿತ್ತು. ಹೊಸ್ತಿಲ ಒಳಗಿನ ಕಾಲೊರಸು ಒದ್ದೆಯಾಗಿತ್ತು. ಅದನ್ನು ಅಳಿಯ ಎತ್ತಿ ಎಲ್ಲರಿಗೂ ತೋರಿಸಿದ. ಹಾಸಿಗೆಯವರು ಅದನ್ನು ಅವನ ಕೈಯಿಂದ ತೆಗೆದುಕೊಂಡು ಹಿಂಡಿ, ಕೊಡವಿ, ಹಳದಿ ಗೋಡೆಯ ಮೇಲೆ ಒಣಗಲು ಹಾಕಿದರು.

"ಕಾಲೊರ್ಸು ಇರೋದೇ ಒದ್ದೆ ಆಗಕ್ಕೆ ಕಣಪ್ಪ. ಅದು ಲೆಕ್ಕುಕ್ಕಿಲ್ಲ," ಎಂದರು.

ಆಟೊ ಖಾಲಿ ಹೋಗಬಾರದೆಂದು ಗುಂಡ್ಲುಪೇಟೆಯ ಗಿರಾಕಿಯೊಬ್ಬರಿಗೆ ಹೊಲಿದಿದ್ದ ಒಂದು ಹಾಸಿಗೆಯನ್ನು ಅದರಲ್ಲಿ ಕಳಿಸಿದರು. ದಾಟಿಸಿದ್ದ ಮೂಟೆ ಅದೇ ಹಲಗೆಯ ಮೇಲೆ ವಾಪಸ್ ಬಂತು.

ಸೋಮವಾರ ಇಂಜಿನಿಯರ್ ಹುಡುಗಿ ನನ್ನ ಅರ್ಜಿ ಹಿಡಿದು ಸ್ಥಳ ನೋಡಲು ಬಂದಳು. ಮಣ್ಣಿನ ಚರಂಡಿ ನೋಡಿದಳು, ಮೋರಿಯೊಳಗೆ ಬಗ್ಗಿ ಕೆಸರಿನ ಗುರುತು ನೋಡಿದಳು.

"ಈಗ ಮೋರಿಗೆ ನೀರು ಬರ್ತಾ ಇದೆಯಲ್ಲ ಮೇಡಂ," ಎಂದಳು ಚಿಂತೆಯಿಂದ. "ನಿಮ್ಮ ಅರ್ಜಿಯ ಕಾರಣವೇ ಹೋಯ್ತು."

ಅವಳು ಪೆನ್ನಿನಿಂದ ಕೆನ್ನೆ ತಟ್ಟಿಕೊಂಡು ಅರ್ಜಿಯನ್ನು ಇನ್ನೊಮ್ಮೆ ಓದಿದಳು.

"ಪರವಾಗಿಲ್ಲ. ಇಲ್ಲದ ಚರಂಡಿ ಮಾಡಿಸೋದು ಕಷ್ಟ. ಇರೋ ಚರಂಡಿಯನ್ನ ಸುಧಾರಿಸೋದು ಸುಲಭ. ಇರುವ ಚರಂಡಿಯ ಸುಧಾರಣೆ ಅಂತ ಬರೆದುಕೊಡಿ. ಈ ಸಲ ಒಂದು ಅಂತ ಬೇಡ."

ಅಲ್ಲೇ ಬರೆದುಕೊಟ್ಟೆ. ಬರೆಯುವ ಮೊದಲು ಸುಧಾರಣೆ ಎಂದರೆ ಅವರ ಕಚೇರಿಯಲ್ಲಿ ಏನರ್ಥ ಎಂದು ಕೇಳಿದೆ. ಅವಳು ಹೇಳಿದ್ದನ್ನು ಪಕ್ಕದಲ್ಲೇ ಬರೆದುಕೊಂಡು ಅವಳ ಕೈಯಿಂದ ಸಹಿಯನ್ನೂ ಪಡೆದೆ. ಆ ಅರ್ಜಿ ಈಗ ಯಾವ ಮೇಜಿನ ಮೇಲಿದೆ ಎಂದು ಪ್ರತಿ ಸೋಮವಾರ ಹತ್ತೂ ಕಾಲಿಗೆ ಹೋಗಿ ವಿಚಾರಿಸುತ್ತೇನೆ. ಪ್ರತಿ ಶನಿವಾರ ಬೆಳಗ್ಗೆ ಮೊದಲ ಪಾಳಿಯವರು ಮಣ್ಣಿನ ಚರಂಡಿಯ ಹೂಳು ತೆಗೆಯುತ್ತಾರೆ.

ಬಿಲ್ಲಿನ ಸದ್ದು ಮತ್ತೆ ಆರೂವರೆಗೆ ಬಂದಿದೆ. ಮೂಟೆಗಳ ಹಗ್ಗವನ್ನು ಮಾತ್ರ ಅವರು ಪೂರ್ತಿ ಬಿಚ್ಚಿಲ್ಲ. ಒಂದು ಮುಗಿದ ಮೇಲೆ ಒಂದನ್ನು ಬಿಚ್ಚುತ್ತಾರೆ. ಗುಂಡ್ಲುಪೇಟೆಯ ವಿಷಯ ಏನಾಯಿತು ಎಂದು ಮೊನ್ನೆ ರಸ್ತೆಯ ಈಚೆಯಿಂದಲೇ ಕೇಳಿದೆ. ಅವರು ಬಾಯಲ್ಲಿದ್ದ ದಾರ ಕಡಿದು, ಮೋಡ ನೋಡಿ, ಹೋದ ವರ್ಷ ಹೇಳಿದ್ದ ಮಾತನ್ನೇ ಹೇಳಿದರು.

"ಇನ್ನೊಂದ್ ಮಳೆ ನೋಡನ ಸಿಸ್ಟರಮ್ಮ."